ನಂದಿ ಬೆಟ್ಟದ ಏರಿನಲ್ಲಿ ಹಳೇ ಮಾರುತಿ 800 ಬಿಸಿಯಾಗುತ್ತಿದ್ದದ್ದು ಸರಿಹೋದ ಬಗೆ

ಚಿಕ್ಕಬಳ್ಳಾಪುರದ ಊರೊಳಗೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧ ದಾಟುತ್ತಿರಲಿಲ್ಲ; ನಂದಿ ಬೆಟ್ಟದ ನಾಲ್ಕನೇ ತಿರುವಿಗೇ ಕೆಂಪಿಗೆ ಹೋಗುತ್ತಿತ್ತು.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ನೀರಿನ ದಾರಿ ತೆರೆಯುವ ಕವಾಟ), ಫ್ಯಾನ್ ಮೋಟಾರ್ ಎರಡೂ ಬದಲಾದವು, ಉಪಯೋಗವಾಗಲಿಲ್ಲ. ಥರ್ಮೋಸ್ಟಾಟ್ ತೆಗೆದೇ ಓಡಿಸುವುದಂತೂ ದಂಡ. ಇಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಕುಡಿಯುತ್ತದೆ.

ತಪ್ಪಿದ್ದದ್ದು ಇಂಜಿನ್ ನೀರು ತಣಿಸುವ ರೇಡಿಯೇಟರ್‌ನಲ್ಲಿ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿ ಕೊಳವೆಗಳೊಳಗೆ ಬಿಳಿ ಸುಣ್ಣ ಕಟ್ಟಿತ್ತು. ಗಾಡಿ ಓಡಿಸಿ ಬಂದು, ಕೀ ತೆಗೆದು, ಫ್ಯಾನ್ ವೈರ್ ಕಳಚಿ, ಅದರ ಕೋರ್ (ಕೊಳವೆಗಳ ಜಾಲರಿ) ಹತ್ತಿರ ಅಂಗೈ ಹಿಡಿದು ನೋಡಿ: ನಡುವೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ.

ರೇಡಿಯೇಟರ್ ಬದಲಿಸಿದ ಮೇಲೆ ಸರಿಹೋಯಿತು. ಬೇರೆ ಕಂಪನಿಯ ರೇಡಿಯೇಟರ್ ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ದು ಕೋರ್ ದಪ್ಪ ಅಳೆಯಿರಿ. ತೆಳುವಾದದ್ದೂ ಅದೇ ಬೋಲ್ಟಿಗೆ ಸಲೀಸಾಗಿ ಕೂರುತ್ತದೆ, ಆದರೆ ಅಷ್ಟು ತಣಿಸುವುದಿಲ್ಲ; ಮೋಸ ಇರುವುದೇ ಅಲ್ಲಿ. ರೇಡಿಯೇಟರ್ ಮುಚ್ಚಳವೂ ಹೊಸದಿರಲಿ, ಹಳೆಯದರ ಮೇಲೆ ಬರೆದಷ್ಟೇ ಒತ್ತಡದ್ದು.

ತುಂಬುವ ಕ್ರಮ ಮುಖ್ಯ. ಇಂಜಿನ್ ತಣ್ಣಗಿರುವಾಗ, ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಹೀಟರ್ ಪೂರ್ತಿ ಬಿಸಿಗಿಡಿ. ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ ನಿಧಾನಕ್ಕೆ ಸುರಿಯಿರಿ. ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ. ಗುಳ್ಳೆ ಬಂದು ಮಟ್ಟ ಇಳಿದಂತೆ ತುಂಬಿಸುತ್ತಾ, ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಂತ ಕೂಡಲೇ, ನೀರು ಉಕ್ಕುವ ಮೊದಲೇ ಮುಚ್ಚಿ. ಆಮೇಲೆ ಬಿಸಿಯಲ್ಲಿ ತೆರೆಯಬೇಡಿ. ಮರುದಿನ ಬೆಳಗ್ಗೆ ಪಕ್ಕದ ಕೂಲಂಟ್ ಬಾಟಲಿಯ ಮಟ್ಟ ಇಳಿದಿದ್ದರೆ, ಮೇಲಿನ ಗೆರೆಗೆ ತುಂಬಿಸಿ.