ಬಾಡಿಗೆ ಬುಕಿಂಗ್ ಫೋನಿನಲ್ಲೇ? ಡಿಪಾಸಿಟ್ ವಾಪಸ್ ಕೊಡುವಾಗ ಹುಷಾರು

ಬೇಕಲ ಕೋಟೆಯ ಸುತ್ತಮುತ್ತ ಹೋಂಸ್ಟೇ, ವಲಿಯಪರಂಬದಲ್ಲಿ ಹೌಸ್‌ಬೋಟ್, ಕುಂಬಳೆ, ಬದಿಯಡ್ಕ ಕಡೆ ಮದುವೆಗೆ ಶಾಮಿಯಾನ, ಪಾತ್ರೆ, ಕ್ಯಾಮೆರಾ. ಈಗ ಇಂಥದ್ದಕ್ಕೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಬುಕಿಂಗ್, ಯುಪಿಐನಲ್ಲೇ ಅಡ್ವಾನ್ಸ್. ಅಂಗಡಿಯವರಿಗೆ ದುಡ್ಡು ಬಂದರೆ ಮುಗಿಯಿತು. ಬಾಡಿಗೆಗೆ ಕೊಡುವವರಿಗೆ ಹಾಗಲ್ಲ, ಡಿಪಾಸಿಟ್ ವಾಪಸ್ ಕೊಡಬೇಕು. ಮೋಸಗಾರರು ಹೆಚ್ಚಾಗಿ ನುಗ್ಗುವುದು ಇದೇ ದಾರಿಯಲ್ಲಿ.

ಮೊದಲು, ವ್ಯವಹಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಏನಾದರೂ ತಕರಾರಾಗಿ ಖಾತೆ ತಡೆಹಿಡಿದರೆ ಮನೆಖರ್ಚಿನ ದುಡ್ಡಾದರೂ ಕೈಯಲ್ಲಿರುತ್ತದೆ. ಗಿರಾಕಿಗೆ ಕ್ಯೂಆರ್ ಕಳಿಸುವಾಗ, ಹಣ ಹಾಕುವ ಮುನ್ನ ಯಾವ ಹೆಸರು ಕಾಣಿಸಬೇಕು ಎಂದೂ ಬರೆದು ಕಳಿಸಿ. ನಿಮ್ಮ ಮನೆಯ ಫೋಟೊ ಕದ್ದು, ತಮ್ಮ ನಂಬರ್ ಹಾಕಿ ಅಡ್ವಾನ್ಸ್ ವಸೂಲಿ ಮಾಡುವವರೂ ಇದ್ದಾರೆ.

ಎರಡನೆಯದು, ಸ್ಕ್ರೀನ್‌ಶಾಟ್ ನೋಡಿ ಬೀಗದ ಕೈ ಕೊಡಬೇಡಿ. ಹಸಿರು ಟಿಕ್ ಇರುವ ನಕಲಿ ರಸೀದಿ ಮಾಡುವ ಆ್ಯಪ್‌ಗಳೇ ಇವೆ. ನಿಮ್ಮ ಬ್ಯಾಂಕ್ ಆ್ಯಪ್ ತೆರೆದು, ಮೊತ್ತವನ್ನೂ 12 ಅಂಕಿಗಳ ಯುಟಿಆರ್ ನಂಬರನ್ನೂ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ) ತಾಳೆ ನೋಡಿ. ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡಿದರೂ ಸರಿ, ನೋಡಿಯೇ ಕೊಡಿ.

ಮೂರನೆಯದು ಪಿನ್. ‘ನಾನು ಸೈನ್ಯದಲ್ಲಿದ್ದೇನೆ, ಈ ಕಡೆಗೆ ವರ್ಗ ಆಗಿದೆ, ಮನೆ ನೋಡದೆಯೇ ಅಡ್ವಾನ್ಸ್ ಹಾಕುತ್ತೇನೆ’ ಎಂದು ಹಿಂದಿಯಲ್ಲಿ ಫೋನ್ ಬರುತ್ತದೆ. ಗುರುತಿನ ಚೀಟಿಯ ಫೋಟೊವೂ ಬರುತ್ತದೆ. ಆಮೇಲೆ ಒಂದು ಕ್ಯೂಆರ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಅನ್ನುತ್ತಾರೆ. ಹಣ ಬರುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್ ರಿಕ್ವೆಸ್ಟ್’ ಅನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಬ್ಯಾಂಕುಗಳಿಗೆ ಹೇಳಿತು. ಅದರಿಂದ ಕ್ಯೂಆರ್ ಮೋಸ ನಿಲ್ಲುವುದಿಲ್ಲ.

ಇನ್ನು ‘ಜಾಸ್ತಿ ಹಾಕಿದೆ’ ಎಂಬ ಆಟ. ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ₹3,000 ಅಡ್ವಾನ್ಸ್ ಕೇಳಿದ್ದೀರಿ, ₹30,000 ಜಮೆ ಆದಂತೆ ಎಸ್‌ಎಂಎಸ್ ಬರುತ್ತದೆ. ಬೆನ್ನಿಗೇ ಫೋನ್: ‘ಒಂದು ಸೊನ್ನೆ ಜಾಸ್ತಿ ಬಿತ್ತು ಸಾರ್, ಮಗು ಆಸ್ಪತ್ರೆಯಲ್ಲಿದೆ, ಉಳಿದದ್ದು ಈ ನಂಬರಿಗೆ ಹಾಕಿ’. ಎಸ್‌ಎಂಎಸ್ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದ್ದಲ್ಲ. ಖಾತೆಯಲ್ಲಿ ನೋಡಿದರೆ ಹಣವೇ ಇರುವುದಿಲ್ಲ. ಕೆಲವೊಮ್ಮೆ ಹಣ ನಿಜವಾಗಿಯೂ ಬಂದಿರುತ್ತದೆ, ಆದರೆ ಅದು ಇನ್ನೊಬ್ಬರಿಂದ ಲಪಟಾಯಿಸಿದ್ದು! ಕಳಕೊಂಡವರು ದೂರು ಕೊಟ್ಟರೆ ಪೊಲೀಸರು ಜಾಡು ಹಿಡಿದು ಬರುವುದು ನಿಮ್ಮ ಖಾತೆಗೇ. ಹಾಗಾಗಿ ಬೇರೆ ನಂಬರಿಗೆ ವಾಪಸ್ ಹಾಕಲೇಬೇಡಿ. ‘ನಿಮ್ಮ ಬ್ಯಾಂಕಿಗೆ ಬರೆದು ಕೊಡಿ, ನಾನೂ ನನ್ನ ಬ್ಯಾಂಕಿಗೆ ತಿಳಿಸುತ್ತೇನೆ’ ಎಂದು ಹೇಳಿ ಫೋನ್ ಇಡಿ. ಡಿಪಾಸಿಟ್ ಆದರೂ ಅಷ್ಟೇ, ಬಂದ ಖಾತೆಗೇ ಹೋಗಬೇಕು. ಈ ನಿಯಮವನ್ನು ಬುಕಿಂಗ್ ಮೆಸೇಜಿನಲ್ಲೇ ಬರೆದುಬಿಡಿ.

ಕಾರ್ಡಿನಲ್ಲಿ ಹಣ ಪಡೆಯುವವರು ಸಹಿ ಹಾಕಿಸಿದ ರಿಜಿಸ್ಟರ್, ಚಾಟ್, ಬಿಲ್ ಜೋಪಾನ ಮಾಡಿ. ‘ಈ ಪಾವತಿ ನನ್ನದಲ್ಲ’ ಎಂದು ಗಿರಾಕಿ ತಿಂಗಳ ನಂತರವೂ ತನ್ನ ಬ್ಯಾಂಕಿಗೆ ಹೇಳಬಹುದು.

ಹಣ ಹೋಯಿತೇ? ನಾಚಿಕೆಪಡುತ್ತ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಂಜೇಶ್ವರದಲ್ಲಿದ್ದು ಖಾತೆ ಮಂಗಳೂರಿನ ಶಾಖೆಯಲ್ಲಿದ್ದರೂ ಚಿಂತೆಯಿಲ್ಲ, ದೇಶಕ್ಕೆಲ್ಲ ಇದೊಂದೇ ನಂಬರ್. ಯುಟಿಆರ್, ಮೊತ್ತ, ಹಣ ಹೋದ ಹೊತ್ತು ಕೈಯಲ್ಲಿರಲಿ. ದುಡ್ಡು ಮುಂದಿನ ಖಾತೆಗೆ ಜಿಗಿಯುವ ಮೊದಲೇ ತಡೆಯಬೇಕು, ಹಾಗಾಗಿ ಮೊದಲು ಈ ಫೋನ್, ಬ್ಯಾಂಕಿನ ಶಾಖೆಗೆ ಓಡುವುದು ಆಮೇಲೆ.