ಕೊನೇ ಸೆಮಿಸ್ಟರ್‌ನವರೇ, ರೆಸ್ಯೂಮೆಗಿಂತ ಮೊದಲು ಹೆಸರು ನೋಡ್ಕೊಳ್ಳಿ

ಕೆಲಸಕ್ಕೆ ಸೇರುವ ಹೊತ್ತಲ್ಲಿ ನಮ್ಮ ಕಡೆಯ ಮಕ್ಕಳನ್ನು ಜಾಸ್ತಿ ಸತಾಯಿಸುವುದು ಇಂಟರ್‌ವ್ಯೂ ಅಲ್ಲ, ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ' ಅಂತಿರುತ್ತದೆ. ಆಧಾರ್‌ನಲ್ಲಿ ಬರೀ 'ಮಂಜುನಾಥ'. ಪ್ಯಾನ್ ಅರ್ಜಿಯಲ್ಲಿ ಸರ್‌ನೇಮ್ ಜಾಗಕ್ಕೆ ಇನಿಷಿಯಲ್ ಹಾಕುವ ಹಾಗಿಲ್ಲ, ಹಾಗಾಗಿ ಅಲ್ಲಿ 'ಮಂಜುನಾಥ ಕೃಷ್ಣಪ್ಪ' ಆಗಿರುತ್ತಾನೆ. ಒಬ್ಬನೇ ಹುಡುಗ, ಮೂರು ಹೆಸರು!

ಕಾಲೇಜಲ್ಲಿ ಇದನ್ನು ಯಾರೂ ಕೇಳಲ್ಲ. ಆದರೆ ಪಿಎಫ್ ಖಾತೆಗೆ ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕವೇ ಹೊಂದಬೇಕು. ಕಂಪನಿಯ ಹಿನ್ನೆಲೆ ಪರಿಶೀಲನೆಯವರು ಅಂಕಪಟ್ಟಿ ಮುಂದಿಟ್ಟುಕೊಂಡು ಕೂರುತ್ತಾರೆ.

ಹತ್ತನೇ ಕ್ಲಾಸಿನ ಅಂಕಪಟ್ಟಿಯನ್ನೇ ಮೂಲ ಅಂತ ಇಟ್ಟುಕೊಳ್ಳಿ. ಅದನ್ನು ತಿದ್ದಿಸಬೇಕೆಂದರೆ ಶಾಲೆ, ಮಂಡಳಿ ಅಂತ ಅಲೆದಾಟ. ಅದಕ್ಕಿಂತ ಆಧಾರ್ ಸರಿಮಾಡಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಸಿಗುವುದು 2 ಅವಕಾಶ ಮಾತ್ರ. ಸುಮ್ನೆ ಸೈಬರ್ ಸೆಂಟರ್‌ನವರ ಕೈಗೆ ಕೊಟ್ಟು ಕೂರಬೇಡಿ, ಸ್ಪೆಲ್ಲಿಂಗ್‌ನ ಒಂದೊಂದು ಅಕ್ಷರ ನೀವೇ ಓದಿ. 'Manjunath' ಕೊನೆಗೆ ಎ ಇದೆಯೋ ಇಲ್ಲವೋ ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಇನಿಷಿಯಲ್ ಬಿಡಿಸಿ ಬರೆಯುವಾಗ ಅಪ್ಪನ ಹೆಸರೋ ಊರಿನ ಹೆಸರೋ ಒಂದನ್ನೇ ಹಿಡಿಯಿರಿ, ಎಲ್ಲ ಕಡೆ ಅದೇ ಇರಲಿ.

ಇನ್ನೊಂದು ಮಾತು. ಮೊದಲ ಕೆಲಸದಲ್ಲಿ ಸಿಗುವ 12 ಅಂಕಿಯ ಯುಎಎನ್ (ನಿಮ್ಮ ಪಿಎಫ್‌ನ ಕಾಯಂ ನಂಬರ್) ಜೋಪಾನ. ಕಂಪನಿ ಬದಲಿಸಿದಾಗ ಅದನ್ನೇ ಕೊಡಬೇಕು, ಹೊಸದು ಮಾಡಿಸಬೇಡಿ.