ಕೆಟಲ್ ಬಳಸಿದ ಮೇಲೆ ಪ್ಲಗ್ ಮುಟ್ಟಿ ನೋಡಿ
ಹಾಸ್ಟೆಲ್‌ನಲ್ಲಿ ಇರುವವರಿಗೆ ಒಂದು ಮಾತು. ಕೆಟಲ್ ಅಥವಾ ಇಸ್ತ್ರಿ ಪೆಟ್ಟಿಗೆ ಬಳಸಿದ ಕೂಡಲೇ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯ ಹಿಂಭಾಗವನ್ನು ಪ್ಲಗ್‌ನ ಪ್ಲಾಸ್ಟಿಕ್‌ಗೆ ತಾಗಿಸಿ ನೋಡಿ. ತುಸು ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಸಾಕೆಟ್‌ನ ತೂತಿನ ಸುತ್ತ ಕಂದು ಕಲೆ ಇದ್ದರೆ, ಅದನ್ನು ಮತ್ತೆ ಬಳಸಲೇಬೇಡಿ. ಅವತ್ತೇ ವಾರ್ಡನ್‌ಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ ಒಳಗೆ ಪಿನ್ನಿನ ಹಿಡಿತ ಸಡಿಲವಾದರೆ ಅದೇ ಜಾಗದಲ್ಲಿ ಬಿಸಿ ಹುಟ್ಟುತ್ತದೆ. ಆದರೆ ಕರೆಂಟ್ ಜಾಸ್ತಿ ಹರಿಯುವುದಿಲ್ಲ, ಹಾಗಾಗಿ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದೂ ಇಲ್ಲ. ಎಂಸಿಬಿ ಇದೆ ಅಲ್ವಾ ಅಂತ ಸುಮ್ನೆ ಕೂರಬೇಡಿ. ಪ್ಲಗ್ ಬಿಸಿಯಾಗಲು ಇನ್ನೊಂದು ಕಾರಣವೂ ಇರಬಹುದು: 1500 ವ್ಯಾಟ್‌ನ ಕೆಟಲ್ ಸುಮಾರು 6.5 ಆಂಪಿಯರ್ ಎಳೆಯುತ್ತದೆ, ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಸಾಕೆಟ್ ಇರುವುದೇ 6 ಆಂಪಿಯರ್‌ಗೆ. 16 ಆಂಪಿಯರ್‌ನ ದೊಡ್ಡ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಒಂದೇ ನಿಮಿಷ ಬಳಸಿ ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ. ಗೋಡೆಯೊಳಗಿನ ವೈರ್ ಹಾಳಾಗಿದ್ದರೂ ಇದರಿಂದ ತಿಳಿಯುವುದಿಲ್ಲ. ಸುಟ್ಟ ವಾಸನೆ ಅಥವಾ ಚಟಪಟ ಸದ್ದು ಬಂದರೆ ಮಾತ್ರ ಮುಟ್ಟಲು ಹೋಗಬೇಡಿ, ಮೊದಲು ಮೇನ್ ಆಫ್ ಮಾಡಿ.